ಹದಿನೆಂಟು ವರ್ಷದ ಕಾರು, ನಾಲ್ಕು ಭಾನುವಾರ

ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಮೊದಲಿನ ಚುರುಕಿನಲ್ಲಿ ತಿರುಗುತ್ತಿರಲಿಲ್ಲ. ಭಾರ ಹೊತ್ತವರ ಹಾಗೆ ಏದುಸಿರು ಬಿಟ್ಟು, ನಾಲ್ಕೈದು ಸುತ್ತಿನ ಮೇಲೆ ಹತ್ತಿಕೊಳ್ಳುತ್ತಿತ್ತು. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ತೆವಳಿದರೆ ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೇರುತ್ತಿತ್ತು. ರಸ್ತೆ ತೆರವಾಗಿ ವೇಗ ಸಿಕ್ಕಿದ ಕೂಡಲೇ ಇಳಿಯುತ್ತಿತ್ತು. ಬ್ರೇಕ್ ಹಾಕಿದಾಗ ಸ್ಟಿಯರಿಂಗ್ ಸ್ವಲ್ಪ ಬಲಕ್ಕೆ ಎಳೆಯುತ್ತಿತ್ತು. ಒಂದೊಂದೂ ಸಣ್ಣದೇ, ಒಂದೊಂದಕ್ಕೂ ನಾನು ಹೊಂದಿಕೊಂಡಿದ್ದೆ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡಿದ ದಿನವೇ ಇನ್ನು ಮುಂದೂಡಬಾರದು ಅನ್ನಿಸಿದ್ದು.

ಕಾರು 2007ರದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಮ್ಯಾನ್ಯುಯಲ್ ಗೇರ್. ಮೀಟರ್ 1,48,000 ಕಿಲೋಮೀಟರ್ ದಾಟಿದೆ. ಇದನ್ನು ಮನೆಗೆ ತಂದ ದಿನ ನನ್ನ ಮಗಳು ಅವಳಮ್ಮನ ಮಡಿಲಲ್ಲಿ ಕೂತು ಬಂದಿದ್ದಳು. ಮಾರಿಬಿಡು ಅಂತ ಹೇಳಿದವರು ಬಹಳ ಜನ. ಆದರೆ ಇಷ್ಟು ವರ್ಷ ಇದೇ ಗಾಡಿಯ ಕೆಳಗೆ ಮಲಗಿ ಎದ್ದ ಮೇಲೆ ನನಗೊಂದು ವಿಷಯ ಮನದಟ್ಟಾಗಿದೆ. ಹಳೆ ಕಾರಿನಲ್ಲಿ ಕಬ್ಬಿಣ ಸವೆಯುವುದಕ್ಕಿಂತ ಬಹಳ ಮೊದಲೇ ರಬ್ಬರ್ ಗಟ್ಟಿಯಾಗುತ್ತದೆ, ಆಯಿಲು ಕೂಲೆಂಟುಗಳು ಕೆಡುತ್ತವೆ, ತಾಮ್ರ ಹಸಿರುಗಟ್ಟುತ್ತದೆ. ಮೊದಲ ಏಟು ತಿನ್ನುವುದು ಇವು ಮೂರು. ಅವನ್ನು ನೋಡಿಕೊಂಡರೆ ಒಳಗಿನ ಕಬ್ಬಿಣ ಬಹಳ ಕಾಲ ಬಾಳುತ್ತದೆ. ಈ ನಾಲ್ಕು ಭಾನುವಾರ ಮಾಡಿದ್ದೆಲ್ಲ ಆ ಕೆಲಸವೇ.

ಶುರು ಮಾಡುವ ಮೊದಲೇ ಒಂದು ನಿಯಮ ಇಟ್ಟುಕೊಂಡೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡುವ ಮುಂಚೆ ಒಂದು ಅಳತೆ, ಮಾಡಿದ ಮೇಲೆ ಇನ್ನೊಂದು. ಎರಡೂ ನೋಟ್‌ಬುಕ್ಕಿಗೆ ಹೋಗಬೇಕು. ಹೊಸ ಬಿಡಿಭಾಗ ಹಾಕಿದ ಖುಷಿಯಲ್ಲಿ ಗಾಡಿ ಚೆನ್ನಾಗಿ ಓಡುತ್ತಿದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಮೀಟರ್ ತೋರಿಸುವ ಅಂಕಿಗೆ ಆ ಖುಷಿ ಗೊತ್ತಿಲ್ಲ.

ಮೊದಲ ಭಾನುವಾರ: ಆರು ಮಿಲಿಓಮ್

ಸೆಲ್ಫ್ ನಿಧಾನವಾದರೆ ಎಲ್ಲರೂ ಬೊಟ್ಟು ಮಾಡುವುದು ಬ್ಯಾಟರಿಯ ಕಡೆಗೆ. ಹೊಸ ಬ್ಯಾಟರಿ ಹಾಕಿದರೆ ನಾಲ್ಕು ದಿನ ಸರಿಹೋದಂತೆ ಕಂಡು, ಮತ್ತೆ ಅದೇ ರಾಗ ಶುರುವಾಗುವುದೂ ಉಂಟು. ಹಾಗಾಗಿ ಮೊದಲು ಮಲ್ಟಿಮೀಟರ್ ಹಿಡಿದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ 12.58 ವೋಲ್ಟ್ ತೋರಿಸಿತು. ಮಾಮೂಲಿ ಬ್ಯಾಟರಿಗೆ 12.6 ಅಂದರೆ ಪೂರ್ತಿ ಚಾರ್ಜ್, 12.2 ಅಂದರೆ ಅರ್ಧದಷ್ಟು. ಎಂಜಿನ್ ಓಡುವಾಗ 14.2 ಇತ್ತು, ಅಂದರೆ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ. ಆಮೇಲೆ ಎಂಜಿನ್ ಹತ್ತದಿರಲಿ ಅಂತ ಫ್ಯುಯೆಲ್ ಪಂಪಿನ ಫ್ಯೂಸ್ ಕಿತ್ತು, ಮಗಳಿಗೆ ಕೀ ತಿರುಗಿಸಲು ಹೇಳಿದೆ. ಸೆಲ್ಫ್ ಹೊಡೆಯುತ್ತಿರುವಾಗ ಬ್ಯಾಟರಿಯಲ್ಲಿ 10.7 ಉಳಿದಿತ್ತು. 9.6ಕ್ಕಿಂತ ಕೆಳಗೆ ಬಿದ್ದಿದ್ದರೆ ಬ್ಯಾಟರಿಯನ್ನು ಅನುಮಾನಿಸಬಹುದಿತ್ತು. ಬಿದ್ದಿಲ್ಲ. ಹಾಗಿದ್ದರೆ ಬ್ಯಾಟರಿ ಕೊಟ್ಟ ವೋಲ್ಟೇಜ್ ಸೆಲ್ಫ್ ಮೋಟಾರಿಗೆ ತಲುಪುವ ದಾರಿಯಲ್ಲೇ ಎಲ್ಲೋ ಸೋರಿ ಹೋಗುತ್ತಿದೆ.

ಈ ಸೋರಿಕೆ ಹಿಡಿಯಲು ಮೀಟರಿನ ಓಮ್ ಮೋಡ್, ಅಂದರೆ ತಡೆ ಅಳೆಯುವ ಮೋಡ್, ಉಪಯೋಗಕ್ಕೆ ಬರುವುದಿಲ್ಲ. ಬ್ಯಾಟರಿಯ ನೆಗೆಟಿವ್ ಕಡೆಯನ್ನು ಎಂಜಿನ್ನಿಗೆ ಜೋಡಿಸುವ ಅರ್ಥಿಂಗ್ ವೈರಿನ ಎರಡು ತುದಿಗೆ ಮೀಟರ್ ಹಿಡಿದರೆ ಸೊನ್ನೆ ತೋರಿಸಿ, ವೈರ್ ಚೆನ್ನಾಗಿದೆ ಎಂದು ನಂಬಿಸುತ್ತದೆ. ಮಾಡಬೇಕಾದ್ದು ಬೇರೆ. ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಒತ್ತಿಹಿಡಿದು ಸೆಲ್ಫ್ ಹೊಡೆಯಬೇಕು. ದಾರಿ ಸಲೀಸಾಗಿದ್ದರೆ ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಾಣಬಾರದು. ನನಗೆ ಕಂಡಿದ್ದು 0.9. ಸೆಲ್ಫ್ ಮೋಟಾರು 150 ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಂಡರೆ, 0.9 ವೋಲ್ಟ್ ತಿನ್ನಲು ಬರೀ 6 ಮಿಲಿಓಮ್ ತಡೆ ಸಾಕು. ಒಂದು ಓಮಿನ ಸಾವಿರದಲ್ಲಿ ಆರು ಭಾಗ! ಸಾಮಾನ್ಯ ಮೀಟರಿನ ಓಮ್ ಮೋಡಿಗೆ ಅದು ಕಾಣುವುದೇ ಇಲ್ಲ. ಆದರೆ ಆ ಜಾಗದಲ್ಲಿ ಆ ಕ್ಷಣ 135 ವಾಟ್ ಬಿಸಿಯಾಗಿ ಪೋಲಾಗುತ್ತಿರುತ್ತದೆ.

ಗೇರ್‌ಬಾಕ್ಸಿಗೆ ಬಿಗಿದಿದ್ದ ಹೆಣೆದ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿದೆ. ನೆಗೆಟಿವ್ ಟರ್ಮಿನಲ್ ತೆಗೆದ ಮೇಲೆಯೇ ಅನ್ನಿ. ಯಾವಾಗಲೂ ಮೊದಲು ಕಳಚುವುದು ಅದನ್ನೇ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ಆಗುವ ಶಾರ್ಟ್ ಸಣ್ಣದಲ್ಲ. ಪಟ್ಟಿ ಹೊರಗಿನಿಂದ ಕಂದು ಬಣ್ಣಕ್ಕೆ ತಿರುಗಿತ್ತು, ಅಷ್ಟೇ. ಬೋಲ್ಟ್ ಕೂರುವ ತುದಿಯ ಹತ್ತಿರ ಬಗ್ಗಿಸಿ ನೋಡಿದರೆ ಒಳಗಿನ ಎಳೆಗಳು ಹಸಿರು ಪುಡಿಯಾಗಿ ಉದುರಿದವು. ಬೋಲ್ಟಿನ ಅಡಿಯಲ್ಲಿ ಬಿಳಿ ಪುಡಿ, ಅದರ ಕೆಳಗೆ ಕಪ್ಪಾದ ಅಲ್ಯುಮಿನಿಯಂ. ವೈರ್ ಬ್ರಷ್ಷಿನಿಂದ ತಿಕ್ಕಿ, ಮರಳು ಕಾಗದ ಹಾಕಿ, ಲೋಹ ಬೆಳ್ಳಗೆ ಹೊಳೆಯುವವರೆಗೆ ಬಿಡಲಿಲ್ಲ. ಹೊಸ ಪಟ್ಟಿ, ಹಲ್ಲಿರುವ ವಾಷರ್, ಬಿಗಿಯಾದ ಬೋಲ್ಟ್. ನೀರು ಸೇರದ ಹಾಗೆ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಜೆಲ್ಲಿಯನ್ನು ಬಿಗಿದಾದ ಮೇಲೆ ಹೊರಗಡೆಗೆ ಹಚ್ಚಬೇಕು, ಲೋಹ ಲೋಹಕ್ಕೆ ಕೂರುವ ಜಾಗಕ್ಕೆ ಅದು ಬೇಡ.

ಮತ್ತೆ ಅಳೆದೆ, 0.08. ಫ್ಯೂಸ್ ಹಾಕಿ ಕೀ ತಿರುಗಿಸಿದರೆ ಎರಡನೇ ಸುತ್ತು ಮುಗಿಯುವ ಮುಂಚೆ ಎಂಜಿನ್ ಹತ್ತಿತು. ಎಷ್ಟೋ ವರ್ಷದ ಮೇಲೆ ಆ ಸದ್ದು ಕೇಳಿ ನಿಜಕ್ಕೂ ಮನಸ್ಸು ತುಂಬಿ ಬಂತು. ಅದೇ ಸಂಜೆ ಒಂದು ಸುತ್ತು ಹೋಗಿ ಬಂದೆ. ಟೆಂಪರೇಚರ್ ಮುಳ್ಳು ಮೊದಲಿನಂತೆಯೇ ಏರಿತು. ಅಂದರೆ ಅದು ಬೇರೆಯದೇ ತಾಪತ್ರಯ.

ಎರಡನೇ ಭಾನುವಾರ: ಎಂಜಿನ್ ಎಷ್ಟು ಗಟ್ಟಿ ಇದೆ?

ಕೂಲಿಂಗ್ ಕೆಲಸಕ್ಕೆ ಕೈ ಹಾಕುವ ಮೊದಲು ಎಂಜಿನ್ನಿನ ಒಳಗು ನೋಡಬೇಕಿತ್ತು. ಒಳಗೇ ಹೋಗಿದ್ದರೆ ಉಳಿದದ್ದಕ್ಕೆ ಶ್ರಮ ಹಾಕಿ ಏನು ಉಪಯೋಗ? ಸೆಲ್ಫ್ ಈಗ ಸರಿಯಾದ ವೇಗದಲ್ಲಿ ತಿರುಗುತ್ತಿರುವುದರಿಂದ ಸಿಲಿಂಡರಿನೊಳಗೆ ಎಷ್ಟು ಒತ್ತಡ ಏಳುತ್ತದೆ ಅಂತ ಅಳೆಯುವ ಕಂಪ್ರೆಷನ್ ಟೆಸ್ಟಿನ ಅಂಕಿಯನ್ನು ನಂಬಬಹುದು. ಎಂಜಿನ್ ತಣ್ಣಗಿರುವಾಗಲೇ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಬಿಸಿ ಅಲ್ಯುಮಿನಿಯಂ ಹೆಡ್ಡಿನಿಂದ ಪ್ಲಗ್ ಕೀಳಲು ಹೋದರೆ ಥ್ರೆಡ್ಡೇ ಕಿತ್ತು ಬರಬಹುದು. ಬಿಚ್ಚುವ ಮುಂಚೆ ಗುಂಡಿಯೊಳಗಿನ ಧೂಳನ್ನು ಗಾಳಿ ಊದಿ ತೆಗೆಯುವುದು ಮರೆಯಬಾರದು. ಇಲ್ಲವಾದರೆ ಅಷ್ಟೂ ಮರಳು ಸಿಲಿಂಡರಿಗೆ ಬೀಳುತ್ತದೆ. ಫ್ಯುಯೆಲ್ ಮತ್ತು ಇಗ್ನಿಷನ್ ಎರಡನ್ನೂ ಕಡಿದು, ಆಕ್ಸಿಲರೇಟರ್ ಪೂರ್ತಿ ಒತ್ತಿ, ಒಂದೊಂದು ಸಿಲಿಂಡರಿಗೂ ಗೇಜ್ ಹಾಕಿ ಸೆಲ್ಫ್ ಹೊಡೆದೆವು. 12.1, 12.0, 11.7, 12.2 ಬಾರ್. ಅಂಕಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ನಾಲ್ಕೂ ಒಂದರ ಪಕ್ಕ ಒಂದು ಇವೆಯೇ ಅನ್ನುವುದು ಮುಖ್ಯ. ಇವೆ. ಮಾರಿಬಿಡು ಎಂದವರಿಗೆ ಕೊಡುವ ಉತ್ತರ ಆ ನಾಲ್ಕು ಅಂಕಿಯಲ್ಲೇ ಸಿಕ್ಕಿತು.

ಬಿಚ್ಚಿದ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ಜೋಡಿಸಿಟ್ಟು ಬೆಳಕಿನಲ್ಲಿ ನೋಡಿದೆ. ಮೂರು ಪ್ಲಗ್ಗುಗಳ ತುದಿ ತಿಳಿಕಂದು, ಒಣಗಿದೆ. ಉರಿಯುವಿಕೆ ಸರಿಯಾಗಿದೆ ಅನ್ನಲು ಇಷ್ಟು ಸಾಕು. ಮೂರನೇ ಸಿಲಿಂಡರಿನ ಪ್ಲಗ್ಗಿನ ತುದಿಯೂ ಹಾಗೇ ಇತ್ತು, ಆದರೆ ಅದರ ಥ್ರೆಡ್ ಮೇಲೆ ಆಯಿಲ್. ತುದಿಗೆ ಆಯಿಲ್ ಹತ್ತಿದ್ದರೆ ಪಿಸ್ಟನ್ ರಿಂಗಿನ ಚಿಂತೆ ಬರುತ್ತಿತ್ತು. ಥ್ರೆಡ್ಡಿಗೆ ಮಾತ್ರ ಅಂದರೆ ಅದು ಮೇಲಿನಿಂದ, ಎಂಜಿನ್ನಿನ ಮೇಲ್ಮುಚ್ಚಳವಾದ ವಾಲ್ವ್ ಕವರಿನ ಟ್ಯೂಬ್ ಸೀಲಿನಿಂದ ಇಳಿದಿದ್ದು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಗ್ಯಾಪ್ 1.1 ಮಿಲಿಮೀಟರ್ ಇರಬೇಕಾದ್ದು 1.4ಕ್ಕೆ ಹಿಗ್ಗಿತ್ತು. ಹೊಸ ಪ್ಲಗ್ಗುಗಳನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಅರ್ಧ ಸುತ್ತಿಗಿಂತ ಚೂರು ಹೆಚ್ಚು ಬಿಗಿದೆ. ಹೊಸ ವಾಷರ್ ಚಪ್ಪಟೆಯಾಗಿ ಕೂರಲು ಅಷ್ಟು ಸಾಕು.

ವಾಲ್ವ್ ಕವರ್ ಅಂಚಿನಲ್ಲಿ ಆಯಿಲ್ ಜಿನುಗುತ್ತಿತ್ತು. ಹಿಂದೆ ಒಂದು ಗ್ಯಾರೇಜಿನಲ್ಲಿ ಪ್ಯಾಕಿಂಗ್ ಬದಲಾಯಿಸಿದ್ದರು. ಆರೇ ತಿಂಗಳಲ್ಲಿ ಮತ್ತೆ ಜಿನುಗು ಶುರುವಾಯಿತು. ಈ ಸಲ ಪ್ಯಾಕಿಂಗ್ ಮುಟ್ಟುವ ಮುಂಚೆ ಪಿಸಿವಿ ವಾಲ್ವ್ ಕಿತ್ತು ಕಿವಿ ಹತ್ತಿರ ಅಲ್ಲಾಡಿಸಿದೆ. ಚೆನ್ನಾಗಿದ್ದರೆ ಒಳಗಿನ ಬಿಲ್ಲೆ ಟಿಕ್ ಟಿಕ್ ಅನ್ನಬೇಕು. ಸದ್ದೇ ಇಲ್ಲ. ಕಪ್ಪು ಜಿಡ್ಡು ಕಟ್ಟಿ ಅಲ್ಲೇ ಅಂಟಿಕೊಂಡಿತ್ತು. ಪಿಸ್ಟನ್ ರಿಂಗುಗಳ ಪಕ್ಕದಿಂದ ಒಂದಿಷ್ಟು ಗ್ಯಾಸ್ ಯಾವ ಎಂಜಿನ್ನಿನಲ್ಲೂ ಕೆಳಗೆ ನುಸುಳುತ್ತದೆ. ಅದು ಹೊರಹೋಗಬೇಕಾದ ಬಾಗಿಲು ಈ ವಾಲ್ವ್. ಬಾಗಿಲು ಮುಚ್ಚಿದರೆ ಒಳಗೆ ಒತ್ತಡ ಏರಿ, ಎಲ್ಲಿ ರಬ್ಬರ್ ದುರ್ಬಲವೋ ಅಲ್ಲಿಂದ ಆಯಿಲನ್ನು ದೂಡುತ್ತದೆ. ಒತ್ತಡ ಹಾಗೇ ಇದ್ದರೆ ಎಷ್ಟು ಪ್ಯಾಕಿಂಗ್ ಹಾಕಿದರೂ ಅಷ್ಟೇ. ಹಾಗಾಗಿ ಹೊಸ ವಾಲ್ವ್, ಅದರ ಜೊತೆಯ ಗಟ್ಟಿಯಾದ ಹೋಸಿಗೆ ಬದಲು ಹೊಸ ಹೋಸ್, ಆಮೇಲೆಯೇ ಪ್ಯಾಕಿಂಗ್ ಮತ್ತು ಟ್ಯೂಬ್ ಸೀಲು.

ಆಯಿಲ್ ಬದಲಾಯಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ಕೆಲಸ. ಎರಡು ಸಂಗತಿ ಮಾತ್ರ. ಡ್ರೇನ್ ಬೋಲ್ಟಿನ ವಾಷರ್ ಪ್ರತಿ ಸಲ ಹೊಸದಿರಲಿ. ಹಳೆ ವಾಷರಿನಲ್ಲಿ ಹನಿ ನಿಲ್ಲಿಸಲು ಜಾಸ್ತಿ ಬಿಗಿದು ಬಿಗಿದೇ ಆಯಿಲ್ ಪ್ಯಾನಿನ ಥ್ರೆಡ್ ಹಾಳಾಗುವುದು. ಇನ್ನೊಂದು, ಹಳೆ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ರಿಂಗ್ ಫಿಲ್ಟರಿನ ಜೊತೆಗೇ ಬಂದಿದೆಯೇ ಅಂತ ಕಣ್ಣಾರೆ ನೋಡಬೇಕು. ಈ ಸಲ ನನ್ನದು ಬಂದಿರಲಿಲ್ಲ, ಎಂಜಿನ್ನಿಗೆ ಅಂಟಿಕೊಂಡು ಅಲ್ಲೇ ಕೂತಿತ್ತು. ಅದರ ಮೇಲೆಯೇ ಹೊಸ ಫಿಲ್ಟರ್ ಹಾಕಿದ್ದರೆ ಎರಡು ರಿಂಗಿನ ನಡುವೆ ಆಯಿಲ್ ಚಿಮ್ಮಿ, ಕೆಲವೇ ನಿಮಿಷದಲ್ಲಿ ಎಂಜಿನ್ ಖಾಲಿ. ಬೆರಳಿನಿಂದ ಸವರಿ ನೋಡಿದ್ದಕ್ಕೆ ಗೊತ್ತಾಯಿತು. ಕಪ್ಪು ಲೋಹದ ಮೇಲೆ ಕಪ್ಪು ರಬ್ಬರ್ ಕಣ್ಣಿಗೆ ಬೇಗ ಕಾಣುವುದಿಲ್ಲ.

ಮೂರನೇ ಭಾನುವಾರ: ಬಿಸಿ ಎಲ್ಲಿ ನಿಂತಿದೆ?

ಮುಳ್ಳು ಯಾವಾಗ ಏರುತ್ತದೆ ಅನ್ನುವುದೇ ಅರ್ಧ ಉತ್ತರ. ವೇಗದಲ್ಲಿ ಓಡುವಾಗ ಏರಿದರೆ ಕೂಲೆಂಟ್ ಸರಿಯಾಗಿ ಹರಿಯುತ್ತಿಲ್ಲ, ಅಂದರೆ ಬಿಸಿಯಾದಾಗ ಕೂಲೆಂಟಿನ ದಾರಿ ತೆರೆಯುವ ಥರ್ಮೋಸ್ಟ್ಯಾಟ್, ಒಳಗೆ ಕಟ್ಟಿಕೊಂಡ ರೇಡಿಯೇಟರ್ ಅಥವಾ ವಾಟರ್ ಪಂಪ್. ನಿಂತಾಗ, ತೆವಳುವಾಗ ಮಾತ್ರ ಏರಿ ವೇಗ ಸಿಕ್ಕಾಗ ಇಳಿದರೆ ಗಾಳಿಯ ಕೊರತೆ. ನನ್ನದು ಎರಡನೆಯದು. ಆದರೆ ಫ್ಯಾನ್ ಸರಿಯಾದ ಹೊತ್ತಿಗೆ ಶುರುವಾಗುತ್ತಿತ್ತು, ಜೋರಾಗಿಯೇ ತಿರುಗುತ್ತಿತ್ತು. ಮುಂದಿನಿಂದ ನೋಡಿದರೆ ಏಸಿ ಕಂಡೆನ್ಸರ್ ಕೂಡ ಚೊಕ್ಕಟವಾಗಿತ್ತು.

ಮೇಲಿನ ಎರಡು ಬ್ರಾಕೆಟ್ ಬಿಚ್ಚಿ ರೇಡಿಯೇಟರನ್ನು ಎರಡು ಬೆರಳು ಹಿಂದಕ್ಕೆ ವಾಲಿಸಿದೆ. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟಾಗ ಕಂಡಿದ್ದನ್ನು ನೋಡಿ ನನಗೆ ಬೇಸರವಾಯಿತು. ಧೂಳು, ಹುಳುಗಳ ರೆಕ್ಕೆ, ಒಣ ಹುಲ್ಲು, ಎಲೆಯ ಚೂರು ಎಲ್ಲ ಸೇರಿ ಬೂದು ಬಣ್ಣದ ಕಂಬಳಿಯ ಹಾಗೆ ರೇಡಿಯೇಟರಿನ ಕೆಳಗಿನ ಅರ್ಧವನ್ನು ಹೊದ್ದುಕೊಂಡಿತ್ತು. ಬೆರಳು ಹಾಕಿ ಎಳೆದರೆ ಹಾಳೆಯಾಗಿ ಬಿಟ್ಟು ಬಂತು. ಹದಿನೆಂಟು ವರ್ಷ ಮುಂದಿನಿಂದ ನೀರು ಹೊಡೆದು ತೊಳೆದಿದ್ದೇನೆ. ಆ ನೀರೇ ಕಸವನ್ನು ಆ ಸಂದಿಗೆ ಇನ್ನಷ್ಟು ತುರುಕಿದೆ. ನೀರು ಬಿಡಬೇಕಾದ್ದು ಎಂಜಿನ್ ಕಡೆಯಿಂದ ಹೊರಕ್ಕೆ, ಅದೂ ಕಡಿಮೆ ಒತ್ತಡದಲ್ಲಿ. ಪ್ರೆಷರ್ ವಾಷರ್ ಹಿಡಿದರೆ ತೆಳ್ಳನೆಯ ಫಿನ್ನುಗಳೆಲ್ಲ ಮಡಿಸಿಕೊಂಡು ಗಾಳಿಯ ದಾರಿ ಪೂರ್ತಿ ಮುಚ್ಚುತ್ತದೆ. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಒಂದು ಕಡೆ ಟಾರ್ಚ್ ಹಿಡಿದರೆ ಇನ್ನೊಂದು ಕಡೆ ಬೆಳಕು ಕಾಣುವಂತಾಯಿತು.

ಇನ್ನೊಂದು ಸುಳಿವನ್ನು ನಾನು ತಿಂಗಳುಗಟ್ಟಲೆ ನೋಡಿಯೂ ಓದಿರಲಿಲ್ಲ. ಬೆಳಿಗ್ಗೆ ಬಾನೆಟ್ ಎತ್ತಿದರೆ ರೇಡಿಯೇಟರಿನ ಮೇಲಿನ ಹೋಸ್ ಚಪ್ಪಟೆಯಾಗಿ ಒಳಕ್ಕೆ ಹೀರಿಕೊಂಡಿರುತ್ತಿತ್ತು. ಹಳೆ ರಬ್ಬರ್, ಮೆತ್ತಗಾಗಿದೆ ಅಂದುಕೊಂಡಿದ್ದೆ. ಅಸಲಿ ಸಂಗತಿ ಮುಚ್ಚಳದಲ್ಲಿತ್ತು. ರೇಡಿಯೇಟರ್ ಮುಚ್ಚಳದಲ್ಲಿ ಇರುವುದು ಎರಡು ವಾಲ್ವ್. ದೊಡ್ಡ ಸ್ಪ್ರಿಂಗಿನದು ಬಿಸಿಯಾದಾಗ ಒತ್ತಡವನ್ನು ಹಿಡಿದಿಟ್ಟು, ಮಿತಿ ಮೀರಿದರೆ ಕೂಲೆಂಟನ್ನು ಪಕ್ಕದ ಬಾಟಲಿಗೆ ಬಿಡುತ್ತದೆ. ನಡುವಿನ ಸಣ್ಣದು ಎಂಜಿನ್ ತಣ್ಣಗಾಗಿ ಒಳಗೆ ನಿರ್ವಾತವಾದಾಗ ತೆರೆದುಕೊಂಡು ಬಾಟಲಿಯ ಕೂಲೆಂಟನ್ನು ವಾಪಸ್ ಒಳಕ್ಕೆ ಬಿಡುತ್ತದೆ. ನನ್ನ ಮುಚ್ಚಳದ ಸಣ್ಣ ವಾಲ್ವ್ ಕಂದು ಪದರ ಕಟ್ಟಿ ಅಂಟಿಕೊಂಡಿತ್ತು. ಹೋದ ಕೂಲೆಂಟ್ ಮರಳಿ ಬರುತ್ತಿರಲಿಲ್ಲ. ಅದಕ್ಕೇ ಹೋಸ್ ಒಳಕ್ಕೆ ಕುಸಿಯುತ್ತಿತ್ತು, ಬಾಟಲಿಯಲ್ಲಿ ಮಟ್ಟ ಸರಿಯಾಗಿಯೇ ಕಂಡರೂ ರೇಡಿಯೇಟರಿನೊಳಗೆ ಕಡಿಮೆಯಾಗುತ್ತಿತ್ತು.

ಈ ಪುಟ್ಟ ಮುಚ್ಚಳ ಮಾಡುವ ಕೆಲಸ ದೊಡ್ಡದು. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇದ್ದರೆ ಸುಮಾರು 107. ಅದೇ ಮಿಶ್ರಣವನ್ನು ಮುಚ್ಚಳ ಒಂದು ಬಾರಿನಷ್ಟು ಒತ್ತಡದಲ್ಲಿ ಹಿಡಿದಿಟ್ಟರೆ 120 ದಾಟಿದರೂ ಕುದಿಯುವುದಿಲ್ಲ. ರಬ್ಬರ್ ಹೋಗಿ ಒತ್ತಡ ನಿಲ್ಲದಿದ್ದರೆ ಆ ಅಂತರವೆಲ್ಲ ಹೋದಂತೆಯೇ. ನಿಮ್ಮ ಕಾರು ಹಳೆಯದಾಗಿದ್ದು ಈ ಮುಚ್ಚಳ ಎಂದೂ ಬದಲಾಗಿಲ್ಲವೆಂದರೆ ದಯವಿಟ್ಟು ಬದಲಾಯಿಸಿ. ಹಳೆಯದರ ಮೇಲೆ ಎಷ್ಟು ಒತ್ತಡ ಅಂತ ಅಚ್ಚಾಗಿದೆಯೋ ಹೊಸದರ ಮೇಲೂ ಅಷ್ಟೇ ಇರಲಿ. ಬಿಸಿ ಎಂಜಿನ್ನಿನಲ್ಲಿ ಅದನ್ನು ಯಾವ ಕಾರಣಕ್ಕೂ ತೆರೆಯಬೇಡಿ.

ಥರ್ಮೋಸ್ಟ್ಯಾಟ್ ಹೊರತೆಗೆದು ಪರೀಕ್ಷಿಸಿದೆ. ಒಂದು ಹಳೆ ಪಾತ್ರೆಯಲ್ಲಿ ನೀರು, ತಳ ಮುಟ್ಟದ ಹಾಗೆ ದಾರದಲ್ಲಿ ತೂಗುಬಿಟ್ಟ ಥರ್ಮೋಸ್ಟ್ಯಾಟ್, ಪಕ್ಕದಲ್ಲಿ ಥರ್ಮಾಮೀಟರ್. ಥರ್ಮೋಸ್ಟ್ಯಾಟಿನ ಮೇಲೆ 82 ಎಂದು ಅಚ್ಚಾಗಿತ್ತು, ಅಂದರೆ ಅಷ್ಟು ಡಿಗ್ರಿಗೆ ತೆರೆಯಲು ಶುರುವಾಗಬೇಕು. ಒಳಗಿರುವುದು ಮೇಣ. ಮೇಣ ಕರಗಿ ಹಿಗ್ಗುತ್ತಾ ವಾಲ್ವನ್ನು ದೂಡುತ್ತದೆ. 83ಕ್ಕೆ ಕೂದಲೆಳೆಯಷ್ಟು ಬಿರುಕು ಕಂಡಿತು, 95ರ ಹೊತ್ತಿಗೆ ಪೂರ್ತಿ ಬಾಯಿ ತೆರೆಯಿತು. ತಣ್ಣಗಾದ ಮೇಲೆ ಬೆಳಕಿಗೆ ಹಿಡಿದರೆ ಸಂದಿಯಿಲ್ಲ. ಕೆಟ್ಟಿಲ್ಲ. ಆದರೂ ಹದಿನೆಂಟು ವರ್ಷ ದುಡಿದದ್ದನ್ನು ವಾಪಸ್ ಹಾಕಲು ಮನಸ್ಸು ಒಪ್ಪಲಿಲ್ಲ. ಹೊಸದನ್ನೂ ಅದೇ ಪಾತ್ರೆಯಲ್ಲಿ ಪರೀಕ್ಷಿಸಿಯೇ ಕೂರಿಸಿದೆ. ಅದರ ಅಂಚಿನಲ್ಲಿರುವ ಅಲ್ಲಾಡುವ ಪುಟ್ಟ ಪಿನ್ನು ಮೇಲ್ಗಡೆ ಬರಬೇಕು. ಸಿಕ್ಕಿಬಿದ್ದ ಗಾಳಿ ಪಾರಾಗುವುದು ಆ ತೂತಿನಿಂದ.

ಕೂಲೆಂಟ್ ತುಂಬುವಲ್ಲಿ ಬಹಳ ಜನ ಒಂದು ಲೆಕ್ಕ ತಪ್ಪುತ್ತಾರೆ. ನನ್ನ ಗಾಡಿಗೆ ಒಟ್ಟು 5 ಲೀಟರ್ ಹಿಡಿಸುತ್ತದೆ. ಡಿಸ್ಟಿಲ್ಡ್ ವಾಟರ್ ಹಾಕಿ ಎರಡು ಸಲ ಫ್ಲಶ್ ಮಾಡಿದ ಮೇಲೆ ಎಷ್ಟೇ ಬಸಿದರೂ ಹೊರಬಂದದ್ದು ಮೂರೂವರೆ. ಉಳಿದ ಒಂದೂವರೆ ಲೀಟರ್ ನೀರು ಬ್ಲಾಕಿನೊಳಗೇ ನಿಂತಿದೆ. ಈಗ ಮೊದಲೇ ಅರ್ಧಕ್ಕರ್ಧ ಬೆರೆಸಿದ ಕೂಲೆಂಟ್ ಸುರಿದರೆ ಒಳಗಿನ ಮಿಶ್ರಣದಲ್ಲಿ ಕೂಲೆಂಟಿನ ಪಾಲು ಬರೀ 35 ಪರ್ಸೆಂಟ್ ಆಗುತ್ತದೆ. ಅದಕ್ಕೇ ನಾನು ಬೆರೆಸದ ಕೂಲೆಂಟನ್ನೇ ತಂದು, ಒಟ್ಟು ಅಳತೆಯ ಅರ್ಧ ಅಂದರೆ ಎರಡೂವರೆ ಲೀಟರನ್ನು ಮೊದಲು ಹಾಕಿ, ಉಳಿದ ಒಂದು ಲೀಟರ್ ಜಾಗವನ್ನು ಡಿಸ್ಟಿಲ್ಡ್ ವಾಟರಿನಿಂದ ತುಂಬಿದೆ. ನಲ್ಲಿ ನೀರು ಬೇಡ. ಅದರ ಸುಣ್ಣ ಒಳಗೋಡೆಗೆ ಹತ್ತಿ ಬಿಸಿ ಬಿಡದ ಹಾಗೆ ಮಾಡುತ್ತದೆ. ಬಸಿದ ಹಳೆ ಕೂಲೆಂಟನ್ನು ಒಂದು ಹನಿಯೂ ನೆಲದಲ್ಲಿ ಬಿಡದೆ ಕ್ಯಾನಿಗೆ ತುಂಬಿ ಮುಚ್ಚಿದೆ. ಅದಕ್ಕೆ ಸಿಹಿ ರುಚಿ ಇದೆ, ನಾಯಿ ಬೆಕ್ಕುಗಳು ನೆಕ್ಕುತ್ತವೆ. ಸ್ವಲ್ಪ ನೆಕ್ಕಿದರೂ ಕಿಡ್ನಿ ಹೋಗಿ ಸಾಯುತ್ತವೆ.

ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಗಾಡಿಯ ಮೂತಿ ಸ್ವಲ್ಪ ಎತ್ತರಿಸಿ, ಬಯಲಲ್ಲಿ ಎಂಜಿನ್ ಓಡಿಸಿದೆ. ಗುಳ್ಳೆಗಳು ಬಂದು ನಿಂತು, ಫ್ಯಾನ್ ಎರಡು ಸಲ ಶುರುವಾಗಿ ಆರುವವರೆಗೆ ಪಕ್ಕದಲ್ಲೇ ನಿಂತಿದ್ದೆ. ಮರುದಿನದ ಟ್ರಾಫಿಕ್ಕಿನಲ್ಲಿ ಮುಳ್ಳು ಅರ್ಧಕ್ಕಿಂತ ಒಂದು ಗೆರೆ ಕೆಳಗೇ ನಿಂತಿತು, ಅಲ್ಲಾಡಲೇ ಇಲ್ಲ. ಬೆಳಿಗ್ಗೆ ಹೋಸ್ ದುಂಡಗಿತ್ತು.

ನಾಲ್ಕನೇ ಭಾನುವಾರ: ಬ್ರೇಕು

ಬಲಕ್ಕೆ ಎಳೆಯುತ್ತದೆ ಅಂದರೆ ಎಡ ಚಕ್ರ ಸರಿಯಾಗಿ ಹಿಡಿಯುತ್ತಿಲ್ಲ ಅಂತ ಅನುಮಾನ. ಹಿಂದಿನ ಚಕ್ರಗಳಿಗೆ ಅಡೆ ಇಟ್ಟು, ಜಾಕ್ ಎತ್ತಿ, ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆ ಚಕ್ರ ಬಿಚ್ಚಿದೆ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಕೈ ಕೂಡ ಹಾಕುವುದಿಲ್ಲ. ಎಡಗಡೆಯ ಒಳಪ್ಯಾಡಿನಲ್ಲಿ ಉಳಿದಿದ್ದು 3 ಮಿಲಿಮೀಟರ್, ಹೊರಪ್ಯಾಡಿನಲ್ಲಿ 7. ಬಲಗಡೆ ಎರಡೂ 6ರ ಆಸುಪಾಸು. ಒಂದೇ ಚಕ್ರದ ಎರಡು ಪ್ಯಾಡ್ ಇಷ್ಟು ಬೇರೆ ಬೇರೆ ಸವೆದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ತೇಲುತ್ತಿಲ್ಲ ಎಂದರ್ಥ. ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಪ್ಯಾಡನ್ನು ಡಿಸ್ಕಿಗೆ ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಬಂದು ಹೊರಪ್ಯಾಡನ್ನೂ ಒತ್ತಬೇಕು. ಪಿನ್ ಜಾಮ್ ಆದರೆ ದುಡಿಯುವುದು ಒಂದೇ ಪ್ಯಾಡ್.

ಮೇಲಿನ ಪಿನ್ ಬೆರಳಿನಲ್ಲೇ ಜಾರಿತು. ಕೆಳಗಿನದು ಕದಲಲಿಲ್ಲ. ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ತಿರುಗಿಸುತ್ತಾ ಹೊರಗೆಳೆದಾಗ ನೋಡಿದರೆ ರಬ್ಬರ್ ಬೂಟ್ ಒಂದು ಕಡೆ ಹರಿದಿದೆ, ಪಿನ್ನಿನ ನಡುಭಾಗ ತುಕ್ಕು ಹಿಡಿದು ಒರಟಾಗಿದೆ, ಗ್ರೀಸ್ ಒಣಗಿ ಅಂಟಾಗಿದೆ. ಇಡೀ ತೊಂದರೆಯ ಬುಡ ಬೆರಳಗಲದ ಆ ರಬ್ಬರ್ ಬೂಟಿನಲ್ಲಿತ್ತು. ಪಿನ್ ಮತ್ತು ಬೂಟು ಎರಡನ್ನೂ ಹೊಸದು ಹಾಕಿ, ತೂತನ್ನು ಒಳಗಿನಿಂದ ಸ್ವಚ್ಛ ಮಾಡಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದೆ. ಮಾಮೂಲಿ ಗ್ರೀಸ್ ಇಲ್ಲಿಗೆ ಆಗದು. ಪೆಟ್ರೋಲಿಯಂ ತಗುಲಿದರೆ ಬ್ರೇಕಿನ ರಬ್ಬರ್ ಊದಿಕೊಂಡು, ಬಿಡಿಸಿದ ಪಿನ್ ಮತ್ತೆ ಜಾಮ್ ಆಗುತ್ತದೆ. ಡಿಸ್ಕಿನ ದಪ್ಪ 17.1 ಮಿಲಿಮೀಟರ್ ಬಂತು. ಅದರ ಮೇಲೆ ಕನಿಷ್ಠ 16 ಎಂದು ಅಚ್ಚಿದೆ, ಹಾಗಾಗಿ ಡಿಸ್ಕ್ ಉಳಿಸಿಕೊಂಡೆ. ಪ್ಯಾಡ್ ಮಾತ್ರ ಎರಡೂ ಚಕ್ರಕ್ಕೆ ಹೊಸದು.

ಬ್ರೇಕ್ ಆಯಿಲ್ ಅಂತ ನಾವು ಕರೆಯುವುದು ಆಯಿಲೇ ಅಲ್ಲ. ಅದು ಗಾಳಿಯ ತೇವ ಹೀರುವ ದ್ರವ. ನನ್ನ ಗಾಡಿಗೆ ಹಾಕುವ ಡಾಟ್ 4 ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದೇ ದ್ರವ 3.7 ಪರ್ಸೆಂಟ್ ನೀರು ಹೀರಿಕೊಂಡಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ದೊಡ್ಡ ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಒತ್ತಿ ಕ್ಯಾಲಿಪರ್ ಕಾದಾಗ ಅಲ್ಲೇ ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸಲು ಹೇಳುವುದು ಅದಕ್ಕೇ. ನಾನು ನಾಲ್ಕು ವರ್ಷ ಬಿಟ್ಟಿದ್ದೆ, ಅದು ನನ್ನ ತಪ್ಪು.

ಹಳೆ ದ್ರವ ಹೊರಬಿಡಲು ಪ್ರತಿ ಚಕ್ರದ ಬ್ರೇಕಿನಲ್ಲಿರುವ ಬ್ಲೀಡ್ ನಿಪ್ಪಲ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ. ಆರು ಮೂಲೆಯ ಸಾಕೆಟ್ ಹಾಕಿ ಮೆಲ್ಲನೆ ಬಿಡಿಸಿದರೆ ನಾಲ್ಕೂ ಬಂದವು. ಗಾಡಿಯ ಮ್ಯಾನ್ಯುಯಲ್ ಪುಸ್ತಕದಲ್ಲಿರುವಂತೆ ದೂರದ ಚಕ್ರದಿಂದ ಶುರು. ಪೆಡಲ್ ಮೇಲೆ ಮಗಳ ಕಾಲು, ನಿಪ್ಪಲ್ ಮೇಲೆ ನನ್ನ ಕೈ.

"ಒತ್ತು."

"ಒತ್ತಿದೀನಿ, ಹಿಡ್ಕೊಂಡಿದೀನಿ."

ನಿಪ್ಪಲ್ ಕಾಲು ಸುತ್ತು ಬಿಟ್ಟೆ. ಪಾರದರ್ಶಕ ಪೈಪಿನಲ್ಲಿ ಕಪ್ಪುಗಟ್ಟಿದ ದ್ರವ ಇಳಿಯಿತು.

"ಅಪ್ಪಾ, ಪೆಡಲ್ ತಾನಾಗೇ ಕೆಳಗೆ ಹೋಗ್ತಿದೆ!"

"ಹೋಗ್ಲಿ, ಕಾಲು ಎತ್ತಬೇಡ. ನಾನು ಹೇಳೋವರೆಗೂ."

ನಿಪ್ಪಲ್ ಬಿಗಿದ ಮೇಲೆಯೇ ಅವಳು ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಗಾಳಿ ಒಳಸೇರುತ್ತದೆ. ಹಳೆ ಗಾಡಿಯಲ್ಲಿ ಇನ್ನೊಂದು ಜಾಗ್ರತೆ ಬೇಕು. ಪೆಡಲ್ ಒತ್ತಿದಾಗ ದ್ರವವನ್ನು ಚಕ್ರಗಳತ್ತ ದೂಡುವ ಮಾಸ್ಟರ್ ಸಿಲಿಂಡರಿನ ಸೀಲುಗಳು ದಿನವೂ ಓಡಾಡುವುದು ಮೇಲಿನ ಸ್ವಲ್ಪ ಭಾಗದಲ್ಲಿ. ಅದರಾಚೆ ಒಳಗೋಡೆಯಲ್ಲಿ ತುಕ್ಕಿನ ಪದರ ಇರಬಹುದು. ಪೆಡಲನ್ನು ನೆಲದವರೆಗೆ ಒತ್ತಿದರೆ ಸೀಲು ಆ ಒರಟಿನ ಮೇಲೆ ಉಜ್ಜಿ ಹರಿಯುತ್ತದೆ. ಬ್ರೇಕ್ ಕೆಲಸ ಮುಗಿದ ಮರುದಿನವೇ ಮಾಸ್ಟರ್ ಸಿಲಿಂಡರ್ ಹೋಯಿತು ಅನ್ನುವ ಕಥೆಗಳ ಹಿಂದೆ ಹೆಚ್ಚಾಗಿ ಇರುವುದು ಇದೇ. ಅದಕ್ಕೇ ಪೆಡಲಿನ ಅಡಿಗೆ ಒಂದು ಮರದ ತುಂಡು ಇಟ್ಟಿದ್ದೆ. ನಾಲ್ಕೂ ಚಕ್ರದಲ್ಲಿ ತಿಳಿ ದ್ರವ ಬರುವವರೆಗೆ, ಮೇಲಿನ ಡಬ್ಬಿ ಖಾಲಿಯಾಗದಂತೆ ತುಂಬುತ್ತಾ ಹೋದೆವು. ಪೆಡಲ್ ಈಗ ಗಟ್ಟಿ. ಗಾಡಿ ನೆಟ್ಟಗೆ ನಿಲ್ಲುತ್ತದೆ.

ಉಳಿದದ್ದು

ಗೇರ್ ಆಯಿಲ್ ಅದೇ ಮಧ್ಯಾಹ್ನ ಬದಲಾಯಿಸಿದೆ. ಮೊದಲು ತುಂಬುವ ಪ್ಲಗ್ ಬಿಚ್ಚಲು ಬರುತ್ತದೆಯೇ ನೋಡಿ, ಆಮೇಲೆ ಬಸಿಯುವ ಪ್ಲಗ್ ಮುಟ್ಟಬೇಕು. ಆಯಿಲೆಲ್ಲ ಬಸಿದ ಮೇಲೆ ತುಂಬುವ ಪ್ಲಗ್ ಜಾಮ್ ಅಂತ ಗೊತ್ತಾದರೆ ಗಾಡಿ ಅಲ್ಲೇ ಕೂರುತ್ತದೆ. ಬಾಗಿಲುಗಳ ಅಡಿಯ ನೀರು ಹೋಗುವ ತೂತುಗಳನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿದೆ, ಒಂದರಿಂದ ಅರ್ಧ ಲೋಟದಷ್ಟು ಕೆಸರು ನೀರು ಬಂತು. ಹಿಂದಿನ ಎರಡು ಟೈರಿನ ಕೊನೆಯ ನಾಲ್ಕು ಅಂಕಿ 3116, ಅಂದರೆ 2016ರ 31ನೇ ವಾರ. ಟೈರಿನ ಗೀರುಗಳ ಆಳ ಇನ್ನೂ 5 ಮಿಲಿಮೀಟರ್ ಇದೆ, ಆದರೆ ಪಕ್ಕದ ಗೋಡೆಯಲ್ಲಿ ಕೂದಲೆಳೆ ಬಿರುಕುಗಳು ಬಿಟ್ಟಿವೆ. ಅವು ಹೋಗಬೇಕು.

ನಾನು ಕೈ ಹಾಕದೆ ಉಳಿಸಿದ್ದು ಪಿಸ್ಟನ್ ಮತ್ತು ವಾಲ್ವುಗಳ ಓಡಾಟವನ್ನು ಹೊಂದಿಸುವ ಟೈಮಿಂಗ್ ಬೆಲ್ಟ್. ಹಿಂದಿನ ಸಲ ಬದಲಾಯಿಸಿದ್ದು 1,02,000 ಕಿಲೋಮೀಟರಿಗೆ. ಓಡಿದ ದೂರ ಇನ್ನೂ ಮಿತಿಯೊಳಗಿದೆ, ಆದರೆ ಏಳು ವರ್ಷ ಆಗಿಹೋಗಿದೆ. ಅದೂ ರಬ್ಬರೇ. ಈ ಎಂಜಿನ್ನಿನಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್ ಬಂದು ತೆರೆದ ವಾಲ್ವಿಗೆ ಬಡಿಯುತ್ತದೆ. ಆಗ ಆ ನಾಲ್ಕು ಕಂಪ್ರೆಷನ್ ಅಂಕಿಗಳಿಗೆ ಬೆಲೆಯಿಲ್ಲ. ವಾಲ್ವ್ ತೆರೆಯುವ ಕ್ಯಾಮ್ ದಂಡವನ್ನು ಲಾಕ್ ಮಾಡುವ ಟೂಲ್ ನನ್ನಲ್ಲಿಲ್ಲ, ಅಂದಾಜಿನ ಮೇಲೆ ಮಾಡುವ ಕೆಲಸವೂ ಇದಲ್ಲ. ಬೆಲ್ಟ್, ಟೆನ್ಷನರ್, ಐಡ್ಲರ್, ವಾಟರ್ ಪಂಪ್ ನಾಲ್ಕನ್ನೂ ಒಟ್ಟಿಗೆ ತರಿಸಿಟ್ಟಿದ್ದೇನೆ. ಆ ಟೂಲ್ ಇರುವ ಮೆಕ್ಯಾನಿಕ್ ಮುಂದಿನ ವಾರ ಬರಲು ಹೇಳಿದ್ದಾರೆ. ಪಕ್ಕದಲ್ಲಿ ನಿಂತು ನೋಡಬಹುದೇ ಅಂತ ಕೇಳಿದೆ, ಆಗಲಿ ಅಂದರು.

ಸಂಜೆ ಕೈ ತೊಳೆದು ಬಂದಾಗ ಮಗಳು ನೋಟ್‌ಬುಕ್ಕಿನ ಆ ದಿನದ ಸಾಲನ್ನು ಆಗಲೇ ಬರೆದಿಟ್ಟಿದ್ದಳು: ಮೀಟರ್ 1,48,312. ಎಡ ಮುಂದಿನ ಕೆಳಪಿನ್ ಮತ್ತು ಬೂಟ್ ಹೊಸದು. ಪ್ಯಾಡ್ ಹೊಸದು. ಡಾಟ್ 4 ಪೂರ್ತಿ ಬದಲು. ಅದರ ಕೆಳಗೆ ಅವಳದೇ ಒಂದು ಸಾಲು ಹೆಚ್ಚಿಗೆ ಇತ್ತು: ಐವತ್ತು ದಾಟಿದಾಗ ಹಿಂದಿನ ಬಲಗಡೆಯಿಂದ ಗುಂಯ್ ಅಂತ ಸದ್ದು ಬರುತ್ತೆ, ಬೇರಿಂಗ್ ಇರಬಹುದು, ನೋಡಬೇಕು.